ಬೇಲಿ ಗಿಡಕ್ಕಿರಲಿ, ಕೋಳಿ ಹಿತ್ತಲಲ್ಲಿರಲಿ

ಗೂಡಿನ ಬಾಗಿಲು ತೆಗೆದ ಕೂಡಲೇ ಹೇಂಟೆ ಮಾಡುವ ಮೊದಲ ಕೆಲಸ ನೆಲ ಕೆದಕುವುದು. ತಟ್ಟೆಯ ತುಂಬ ಕಾಳು ಇಟ್ಟಿದ್ದರೂ ಒಂದೆರಡು ಸಲ ಕುಕ್ಕಿ, ಅಲ್ಲಿ ನಿಲ್ಲದೆ ತೆಂಗಿನ ಬುಡಕ್ಕೆ ಓಡುತ್ತದೆ. ಒಂದು ಕಾಲಲ್ಲಿ ಕೆರೆದು, ಇನ್ನೊಂದರಲ್ಲಿ ಕೆರೆದು, ಒಂದು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ತಾನು ತೋಡಿದ್ದನ್ನು ಒಂದೇ ಕಣ್ಣಲ್ಲಿ ನೋಡುತ್ತದೆ. ಹುಳ ಕಂಡರೆ ಬಾಯಿಗೆ, ಕಾಣದಿದ್ದರೆ ಮತ್ತೆ ಕೆರೆತ. ಹಸಿವಾದಾಗ ಮಾತ್ರ ಹೀಗೆ ಮಾಡುತ್ತದೆಂದು ಅನೇಕರು ತಿಳಿದಿದ್ದಾರೆ. ಹೊಟ್ಟೆ ತುಂಬಿದ ಕೋಳಿಯೂ ಕೆದಕುತ್ತದೆ. ಬ್ರಿಟನ್ನಿನ ವಿಜ್ಞಾನಿ ಮೇರಿಯನ್ ಡಾಕಿನ್ಸ್, ಮೃಗಾಲಯದ ಆವರಣದಲ್ಲಿ ಬಿಡುಬೀಸಾಗಿ ಓಡಾಡುತ್ತಿದ್ದ ಕೆಂಪು ಕಾಡುಕೋಳಿಗಳನ್ನು ಗಮನಿಸಿ 1989ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆ ಕೋಳಿಗಳಿಗೆ ಹೊತ್ತುಹೊತ್ತಿಗೆ ಆಹಾರ ಸಿಗುತ್ತಿತ್ತು. ಆದರೂ ಅವು ಹಗಲಿನ ಬಹುಪಾಲನ್ನು ನೆಲ ಕುಕ್ಕುವುದರಲ್ಲಿ, ಕೆದಕುವುದರಲ್ಲಿ ಕಳೆಯುತ್ತಿದ್ದವು.

ಮನೆಯಲ್ಲಿ ನಾಲ್ಕು ಕೋಳಿ ಸಾಕಿಕೊಂಡವರು ಅವನ್ನು ಹಿತ್ತಲಿಗೆ ಬಿಡಬೇಕೇ, ಗೂಡಿನಲ್ಲೇ ಇಡಬೇಕೇ ಎಂದು ಕೇಳಿದಾಗ ನಾನು ಈ ಕೆರೆತದಿಂದಲೇ ಉತ್ತರ ಶುರು ಮಾಡುತ್ತೇನೆ. ಕೆದಕುವುದಕ್ಕೆ ನೆಲವೇ ಸಿಗದ ಕೋಳಿ ಬದುಕಿರಬಹುದು, ಮೊಟ್ಟೆಯನ್ನೂ ಇಡಬಹುದು. ಆದರೆ ಅದರ ದಿನದಲ್ಲಿ ಮಾಡಲು ಏನೂ ಇರುವುದಿಲ್ಲ. ಅಂಗಡಿಗೆ ಬರುವ ಬಿಳಿ ಮೊಟ್ಟೆಗಳಲ್ಲಿ ಹೆಚ್ಚಿನವು ತಂತಿ ಪಂಜರಗಳಿಂದ ಬರುತ್ತವೆ. ಅಲ್ಲಿ ಒಂದು ಕೋಳಿಯ ಪಾಲಿಗೆ ಬರುವ ಜಾಗ ಸಾಧಾರಣ ಟೈಪಿಂಗ್ ಹಾಳೆಯಷ್ಟೂ ಇರುವುದಿಲ್ಲ. ರೆಕ್ಕೆ ಬಿಚ್ಚುವಂತಿಲ್ಲ, ಮಣ್ಣಲ್ಲಿ ಹೊರಳುವಂತಿಲ್ಲ. ಐರೋಪ್ಯ ಒಕ್ಕೂಟ ಇಂಥ ಬರಿಯ ಪಂಜರಗಳನ್ನು 2012ರಿಂದ ನಿಷೇಧಿಸಿದೆ. ನಮ್ಮಲ್ಲೂ ಕಾನೂನು ಆಯೋಗ 2017ರಲ್ಲಿ, ತನ್ನ 269ನೇ ವರದಿಯನ್ನು ಪೂರ್ತಿಯಾಗಿ ಮೊಟ್ಟೆಕೋಳಿ ಮತ್ತು ಮಾಂಸದ ಕೋಳಿಗಳ ಸಾಗಣೆ, ವಸತಿಗೇ ಮೀಸಲಿಟ್ಟಿತು. ಉದ್ಯಮದ ಮಾತು ಉದ್ಯಮಕ್ಕಿರಲಿ. ಮನೆಯ ಹಿಂದೆ ಹತ್ತಡಿ ಮಣ್ಣು ಇಟ್ಟುಕೊಂಡು, ಪ್ರೀತಿಗೆಂದು ಕೋಳಿ ತಂದು, ಅದನ್ನು ಹಗಲೆಲ್ಲ ಕಬ್ಬಿಣದ ಪಂಜರದಲ್ಲಿ ನಿಲ್ಲಿಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಹಾಗೆಂದು ಬಾಗಿಲು ತೆರೆದು ಕೈ ತೊಳೆದುಕೊಂಡರೂ ಆಗದು. ಕೋಳಿಯನ್ನು ಬಿಟ್ಟ ಮೇಲೆ ಸಾಕುವವರ ಕೆಲಸ ಹೆಚ್ಚುತ್ತದೆ.

ಕೋಳಿಯ ಮೂಲ ಕಾಡು. ಆಗ್ನೇಯ ಏಷ್ಯಾದ ಬಿದಿರು ಮೆಳೆಗಳ ಕೆಂಪು ಕಾಡುಕೋಳಿಯೇ ನಮ್ಮ ಮನೆಕೋಳಿಯ ಮುಖ್ಯ ಪೂರ್ವಜ ಎಂಬುದನ್ನು ವಂಶವಾಹಿ ಅಧ್ಯಯನಗಳು ತೋರಿಸಿವೆ. ಭತ್ತ, ನವಣೆಯಂಥ ಧಾನ್ಯ ಬೆಳೆಯುವ ಜನ ಗದ್ದೆ ಬಯಲಲ್ಲಿ ಚೆಲ್ಲಿದ ಕಾಳಿಗೆ ಈ ಹಕ್ಕಿ ಕಾಡಿನಿಂದ ಇಳಿದು ಬಂದು, ನಿಧಾನಕ್ಕೆ ಮನೆಯಂಗಳದ್ದಾಯಿತೆಂದು 2022ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತದೆ. ಈ ಕತೆಯಲ್ಲಿ ನಮ್ಮ ಪಾಲೂ ಇದೆ. ಸಕಲೇಶಪುರ, ಕೊಡಗು, ಆಗುಂಬೆಯ ಕಡೆ ಬೆಳಗಿನ ಜಾವ ರಸ್ತೆ ಬದಿಯಲ್ಲಿ ಕಾಣಿಸಿ ಚಕ್ಕನೆ ಪೊದೆಗೆ ನುಗ್ಗುವ ಬೂದುಬಣ್ಣದ ಕಾಡುಕೋಳಿಯನ್ನು ನೀವು ನೋಡಿರಬಹುದು. ಮನೆಕೋಳಿಯ ಹಳದಿ ಚರ್ಮಕ್ಕೆ, ಹಳದಿ ಕಾಲಿಗೆ ಕಾರಣವಾದ ವಂಶವಾಹಿ ಕೆಂಪು ಕಾಡುಕೋಳಿಯದ್ದಲ್ಲ, ಈ ಬೂದು ಕಾಡುಕೋಳಿಯ ಕಡೆಯಿಂದ ಬಂದದ್ದು ಎಂದು 2008ರಲ್ಲಿ ಗೊತ್ತಾಯಿತು. ದಕ್ಷಿಣ ಭಾರತದ ಕಾಡಿನ ಹಕ್ಕಿಯ ಗುರುತು ಇಂದು ಜಗತ್ತಿನ ಕೋಟಿಗಟ್ಟಲೆ ಕೋಳಿಗಳ ಕಾಲಲ್ಲಿದೆ.

ಕಾಡಿನ ಹಕ್ಕಿಯೆಂದು ನೆನಪಿಟ್ಟುಕೊಂಡರೆ ಹಿತ್ತಲಿನಲ್ಲಿ ಅದಕ್ಕೆ ಏನು ಬೇಕೆಂಬುದು ತಾನಾಗಿ ತಿಳಿಯುತ್ತದೆ. ಬಟಾಬಯಲು ಅದಕ್ಕೆ ಇಷ್ಟವಿಲ್ಲ. ಬಯಲಿನ ನಡುವೆ ನಿಂತ ಕೋಳಿ ಮತ್ತೆ ಮತ್ತೆ ಆಕಾಶ ನೋಡುತ್ತದೆ. ದಾಸವಾಳದ ಪೊದೆ, ಕರಿಬೇವಿನ ಮೆಳೆ, ಬಾಳೆಯ ಕಂದುಗಳ ಗುಂಪು, ಸೀಬೆ, ನುಗ್ಗೆ, ಪರಂಗಿ ಹೀಗೆ ಓಡಿ ಅಡಗಲು ನೆರಳಿದ್ದರೆ ಅದಕ್ಕೆ ಧೈರ್ಯ. ಪರಂಗಿ ಮರ ಕೋಳಿ ಸಾಕುವವರಿಗೆ ವಿಶೇಷವಾಗಿ ಒಳ್ಳೆಯದು. ಎತ್ತರಕ್ಕೆ ಬೆಳೆಯುವುದರಿಂದ ಕೆರೆತಕ್ಕೆ ಕೆಡುವುದಿಲ್ಲ, ಉದುರಿದ ಹಣ್ಣು ಕೋಳಿಗೇ ಆಯಿತು. ಇನ್ನೊಂದು ಮೂಲೆಯಲ್ಲಿ, ಮಳೆ ನೀರು ಬೀಳದ ಕಡೆ, ಒಣ ಮಣ್ಣಿನ ಗುಂಡಿಯೊಂದು ಇರಬೇಕು. ಕೋಳಿ ಅದರಲ್ಲಿ ಮಲಗಿ, ಗರಿಗಳ ಬುಡದವರೆಗೂ ಮಣ್ಣು ಹೋಗುವಂತೆ ಹೊರಳಿ, ಎದ್ದು ಕೊಡವುತ್ತದೆ. ಗರಿಯ ಮೇಲಿನ ಹೆಚ್ಚಿನ ಜಿಡ್ಡು, ಹೇನು, ಉಣ್ಣೆಗಳಿಂದ ಅದು ಪಾರಾಗುವ ದಾರಿ ಇದೇ. ಸೌದೆ ಒಲೆ ಇದ್ದ ಮನೆಗಳಲ್ಲಿ ಹಿರಿಯರು ಆ ಗುಂಡಿಗೆ ತಣ್ಣಗಾದ ಬೂದಿ ಸುರಿಯುತ್ತಿದ್ದರು. ಈಗಲೂ ಸುರಿಯಬಹುದು.

ಇನ್ನು ಗಿಡದ ಮಾತು. ನಮ್ಮ ಕಡೆ ಮಂಡ್ಯ, ಮೈಸೂರು ಸೀಮೆಯ ಊರುಗಳಲ್ಲಿ ಕೋಳಿಯ ಜಗಳ ಶುರುವಾಗುವುದು ಸೊಪ್ಪಿನ ಮಡಿಯಿಂದ. ಬೇಲಿಯ ಆಚೆಯಿಂದ ಒಂದು ದನಿ: ‘ಅಕ್ಕೋ, ನಿಮ್ ಕೋಳಿ ನಮ್ ಮೆಂತ್ಯದ ಮಡಿಯೆಲ್ಲಾ ಕೆದ್ರಾಕ್ಬುಟ್ಟೈತೆ, ವಸಿ ಬಂದ್ ನೋಡವ್ವ.’ ಈ ಕಡೆಯಿಂದ ಇನ್ನೊಂದು: ‘ಮಡೀಗೆ ಒಂದ್ ಸೀರೆ ಸುತ್ತಾಕದಲ್ವಾ ತಾಯಿ, ಕೋಳಿಗೇನ್ ಗೊತ್ತಾಯ್ತದೆ?’ ಎರಡನೆಯ ಮಾತು ಜಗಳದ ಭರದಲ್ಲಿ ಬಂದದ್ದಾದರೂ ಅದರಲ್ಲಿ ದೊಡ್ಡ ಸತ್ಯವಿದೆ. ನೆರೆಮನೆಯ ಮಡಿಯನ್ನು ಕಾಯುವುದು ಕೋಳಿ ಸಾಕಿದವರ ಹೊಣೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮದೇ ಹಿತ್ತಲಿನೊಳಗೆ ಬೇಲಿ ಹಾಕಬೇಕಾದದ್ದು ಗಿಡಕ್ಕೆ. ಇಡೀ ಹಿತ್ತಲಲ್ಲಿ ಬೇಲಿಯ ರಕ್ಷಣೆ ಬೇಕಾದ ಜಾಗ ಸ್ವಲ್ಪವೇ. ದಂಟು, ಹರಿವೆ, ಮೆಂತ್ಯ, ಕೊತ್ತಂಬರಿಯ ಮಡಿಗಳು, ಆಗತಾನೆ ನೆಟ್ಟ ಸಸಿಗಳು, ಅರಿಸಿನ ಶುಂಠಿಯ ಸಾಲು, ನೆಲಕ್ಕೆ ತಾಗುವಂತೆ ಹಣ್ಣು ಬಿಡುವ ಟೊಮೆಟೊ, ಇಷ್ಟನ್ನು ಸುತ್ತುಗಟ್ಟಿದರೆ ಮಿಕ್ಕ ನೆಲ ಕೋಳಿಯದ್ದು.

ಹಳ್ಳಿಯವರು ಹಳೇ ಸೀರೆಯನ್ನು ಗೂಟಕ್ಕೆ ಕಟ್ಟಿ ಬೇಲಿ ಮಾಡುವುದನ್ನು ನೋಡಿ ಬಡತನದ ಉಪಾಯವೆಂದು ಭಾವಿಸಬೇಡಿ. ಕೋಳಿಯ ಸ್ವಭಾವ ಬಲ್ಲವರ ಕೆಲಸ ಅದು. ನಾಟಿ ಕೋಳಿ ಆಳೆತ್ತರದ ಗೋಡೆಯನ್ನೂ ಹಾರಬಲ್ಲದು. ಆದರೆ ಅದು ಸಾಮಾನ್ಯವಾಗಿ ಒಂದೇ ನೆಗೆತಕ್ಕೆ ಆಚೆ ದಾಟುವುದಿಲ್ಲ. ಮೊದಲು ಗೋಡೆಯ ಮೇಲೋ ಗಳುವಿನ ಮೇಲೋ ಕಾಲೂರಿ ಕೂತು, ಆಚೆ ನೋಡಿ, ಆಮೇಲೆ ಇಳಿಯುತ್ತದೆ. ಜೋಲುವ ಸೀರೆಯ ಅಂಚಿನಲ್ಲಿ ಕಾಲೂರುವಂತಿಲ್ಲ, ಆಚೆ ಏನಿದೆ ಎಂಬುದು ಕಾಣುವುದೂ ಇಲ್ಲ. ಬೇಲಿಯ ತುದಿಗೆ ಅಡ್ಡಲಾಗಿ ಬಿದಿರು ಕಟ್ಟಿ ಅಂದ ಮಾಡಿದಿರೋ, ನೀವೇ ಅದಕ್ಕೆ ಮೆಟ್ಟಿಲು ಕೊಟ್ಟ ಹಾಗೆ. ಹೊಸದಾಗಿ ಬಿತ್ತಿದ ಮಡಿಯ ಮೇಲೆ ಒಣ ಮುಳ್ಳಿನ ಕೊಂಬೆ ಹರಡುವುದು, ಸಸಿಯ ಬುಡಕ್ಕೆ ಚಪ್ಪಟೆ ಕಲ್ಲು ಒತ್ತುವುದು, ತೆಂಗು ಬಾಳೆಯ ಬುಡಕ್ಕೆ ತರಗಿನ ಬದಲು ತೆಂಗಿನ ಗರಿಯನ್ನೇ ಹೊದಿಸುವುದು ಕೂಡ ಚೆನ್ನಾಗಿ ನಡೆಯುತ್ತದೆ.

ಸೊಪ್ಪಿಗೆ ಬೇಲಿ ಹಾಕಲು ಆರೋಗ್ಯದ ಕಾರಣವೂ ಇದೆ. ಕೋಳಿಯ ಹಿಕ್ಕೆ ಒಳ್ಳೆಯ ಗೊಬ್ಬರ, ಸಗಣಿಗಿಂತ ಸಾರಜನಕ ಅದರಲ್ಲಿ ಹೆಚ್ಚು. ಅದೇ ಕಾರಣಕ್ಕೆ ಹಸಿಯಾಗಿ ಬಿದ್ದರೆ ಎಳೆ ಗಿಡದ ಬುಡ ಸುಡುತ್ತದೆ. ಜೊತೆಗೆ ಹಸಿ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಇರಬಹುದು. ಹಸಿಯಾಗಿ ತಿನ್ನುವ ಕೊತ್ತಂಬರಿಯ ಮೇಲೆ ಅದು ಬೀಳಕೂಡದು. ಗೂಡಿನ ಕೆಳಗಿನ ಹಿಕ್ಕೆಯನ್ನು ಒಣ ಎಲೆಯ ಜೊತೆ ತಿಪ್ಪೆಗೆ ಸೇರಿಸಿ, ತಿಂಗಳುಗಟ್ಟಲೆ ಕಳಿಯಲು ಬಿಟ್ಟು, ಆಮೇಲೆ ಹಾಕಿ. ಮಕ್ಕಳು ಕೋಳಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು. ಮರಿಯನ್ನು ಮುಖಕ್ಕೆ ಒತ್ತಿಕೊಂಡು ಮುದ್ದಿಸುವುದನ್ನು ಬಿಡಿಸಬೇಕು.

ಕೋಳಿ ಬಿಟ್ಟರೆ ಹಿತ್ತಲಿನ ಹುಳುಹುಪ್ಪಟೆ ಹೋಗುತ್ತದೆ ಎನ್ನುವುದು ನಿಜ. ಗೆದ್ದಲು, ಮಿಡತೆ, ಜಿರಲೆ, ಚೇಳು, ಜರಿ ಯಾವುದನ್ನೂ ಅದು ಬಿಡುವುದಿಲ್ಲ. ಆದರೆ ಕೋಳಿಗೆ ರೈತನ ಮಿತ್ರ ಶತ್ರು ಎಂಬ ಭೇದವಿಲ್ಲ. ಎರೆಹುಳುವನ್ನೂ ತಿನ್ನುತ್ತದೆ, ಪುಟ್ಟ ಕಪ್ಪೆಯನ್ನೂ ಹಾವುರಾಣಿಯನ್ನೂ ನುಂಗುತ್ತದೆ. ಸಣ್ಣ ಹಿತ್ತಲಿಗೆ ಹೆಚ್ಚು ಕೋಳಿ ಬಿಟ್ಟರೆ ಕೆಲವೇ ತಿಂಗಳಲ್ಲಿ ನೆಲ ಬೋಳಾಗಿ, ಗಟ್ಟಿಯಾಗಿ, ಮಳೆಗೆ ಮಣ್ಣು ಕೊಚ್ಚಿ ಹೋಗುತ್ತದೆ. ಹಿತ್ತಲನ್ನು ಎರಡು ಭಾಗ ಮಾಡಿ, ಒಂದಕ್ಕೆ ವಿಶ್ರಾಂತಿ ಕೊಟ್ಟು ಇನ್ನೊಂದಕ್ಕೆ ಬಿಡುವುದು ಒಳ್ಳೆಯದು. ಅಷ್ಟು ಜಾಗವಿಲ್ಲದಿದ್ದರೆ ಕೋಳಿಗಳ ಸಂಖ್ಯೆ ಕಡಿಮೆ ಇರಲಿ, ಇಲ್ಲವೇ ಸಂಜೆಯ ಎರಡು ಗಂಟೆ ಮಾತ್ರ ಬಿಡಿ. ಬಿಡುವ ಮೊದಲು ನೆಲದ ಮೇಲೆ ಕಣ್ಣಾಡಿಸಿ. ಇಲಿ ಪಾಷಾಣ, ಬಸವನಹುಳುವಿಗೆ ಹಾಕುವ ವಿಷದ ಗುಳಿಗೆ, ಕಳೆನಾಶಕ ಸಿಂಪಡಿಸಿದ ಹುಲ್ಲು ಇರಕೂಡದು. ಥರ್ಮಾಕೋಲ್ ಚೂರುಗಳೆಂದರೆ ಕೋಳಿಗೆ ಯಾಕೋ ಬಹಳ ಆಸೆ, ಅದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹಳೆಯ ಮನೆ ಕೆಡವಿದ ಜಾಗವಾದರೆ ಉದುರಿದ ಬಣ್ಣದ ಚಕ್ಕೆಗಳನ್ನು ತೆಗೆಸಿ. ಹಳೇ ಬಣ್ಣದಲ್ಲಿದ್ದ ಸೀಸ ಮಣ್ಣಿನಿಂದ ಕೋಳಿಗೆ, ಕೋಳಿಯಿಂದ ಮೊಟ್ಟೆಗೆ ಬರುತ್ತದೆಂದು ನಗರಗಳಲ್ಲಿ ನಡೆದ ಅಧ್ಯಯನಗಳು ಕಂಡುಕೊಂಡಿವೆ.

ಬಿಡುವ ಹೊತ್ತಿಗೂ ಒಂದು ಲೆಕ್ಕವಿದೆ. ಹೇಂಟೆಗಳು ಬಹುಮಟ್ಟಿಗೆ ಬೆಳಿಗ್ಗೆಯೇ ಮೊಟ್ಟೆ ಇಡುತ್ತವೆ. ಹತ್ತು ಹನ್ನೊಂದು ಗಂಟೆಯವರೆಗೆ ಗೂಡಿನಲ್ಲಿದ್ದರೆ ಮೊಟ್ಟೆ ನಿಮ್ಮ ಬುಟ್ಟಿಗೆ ಬರುತ್ತದೆ. ಬೆಳಗ್ಗೆಯೇ ಬಿಟ್ಟರೆ ಹುಲ್ಲಿನ ಮೆದೆಯ ಸಂದಿಯಲ್ಲೋ ಕ್ರೋಟನ್ ಗಿಡದ ಬುಡದಲ್ಲೋ ಕದ್ದು ಇಡಲು ಶುರು ಮಾಡುತ್ತದೆ. ನೀವು ಕೋಳಿ ಮೊಟ್ಟೆ ನಿಲ್ಲಿಸಿತೆಂದು ಕೂತಿರುವಾಗ ಒಂದು ದಿನ ಕೇರೆಹಾವು ಅಲ್ಲಿಂದ ಹೊರಬರುತ್ತದೆ. ಹುಲ್ಲು ಹಾಸಿದ ಬುಟ್ಟಿಯಲ್ಲಿ ಮೊಟ್ಟೆಯಾಕಾರದ ಬಿಳಿ ಕಲ್ಲೊಂದನ್ನು ಇಟ್ಟರೆ ಹೇಂಟೆಗೆ ಅಲ್ಲೇ ಇಡುವ ಮನಸ್ಸಾಗುತ್ತದೆ. ಹೊಸದಾಗಿ ತಂದ ಕೋಳಿಯನ್ನು ಮೊದಲ ವಾರ ಹೊರಗೆ ಬಿಡಲೇಬಾರದು. ಗೂಡೇ ಮನೆಯೆಂದು ಅದಕ್ಕೆ ಖಚಿತವಾದ ಮೇಲೆ ಸಂಜೆ ಹೊತ್ತಿಗೆ ಬಿಟ್ಟು, ಕತ್ತಲಾಗುವ ಮುಂಚೆ ರಾಗಿಯೋ ನುಚ್ಚೋ ಎರಚಿ ‘ಬಾ ಬಾ ಬಾ’ ಎಂದು ಕರೆಯಿರಿ. ಮಂದ ಬೆಳಕಿನಲ್ಲಿ ಕೋಳಿಗೆ ಕಣ್ಣು ಕಾಣುವುದು ಕಡಿಮೆ. ಹೊತ್ತು ಇಳಿಯುತ್ತಲೇ ಗೂಡಿಗೆ ಬರುವುದು ಅದರ ಸ್ವಭಾವದಲ್ಲೇ ಇದೆ. ಬಾಗಿಲು ಹಾಕುವುದಷ್ಟೇ ನಿಮ್ಮ ಕೆಲಸ. ಆ ಒಂದು ಕೆಲಸ ತಪ್ಪಿದ ರಾತ್ರಿಯೇ ಹೆಚ್ಚಿನ ಮನೆಗಳಲ್ಲಿ ಕೋಳಿ ಹೋಗಿರುವುದು.

ತೆಗೆದುಕೊಂಡು ಹೋಗುವವರು ಬೇಕಾದಷ್ಟಿದ್ದಾರೆ. ಮಲೆನಾಡಿನಲ್ಲಿ ಕಾಡುಬೆಕ್ಕು, ಬಾವುಗ ರಾತ್ರಿ ಒಡ್ಡಿಗೆ ಬಾಯಿ ಹಾಕುತ್ತವೆ. ಬಯಲುಸೀಮೆಯಲ್ಲಿ ಮುಂಗುಸಿ ಹಗಲಲ್ಲೇ ಬರುತ್ತದೆ. ಮರಿಗಳಿಗೆ ಕಾಗೆ, ಕೆಂಬೂತ, ಗಿಡುಗ, ಹದ್ದು. ಪಟ್ಟಣದಲ್ಲಿ ಇವೆಲ್ಲಕ್ಕಿಂತ ಬೀದಿನಾಯಿಯ ಭಯ ದೊಡ್ಡದು. ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಮಾರುವ ತೆಳು ತಂತಿ ಕೋಳಿಯನ್ನು ಒಳಗೆ ತಡೆಯುತ್ತದೆ, ನಾಯಿಯನ್ನು ಹೊರಗೆ ತಡೆಯುವುದಿಲ್ಲ. ರಾತ್ರಿ ಗೂಡಿಗೆ ಅರ್ಧ ಅಂಗುಲ ಕಣ್ಣಿನ ವೆಲ್ಡ್ ಮೆಶ್ ಹಾಕಿಸಿ, ಅದರ ಬುಡವನ್ನು ಒಂದು ಅಡಿ ಮಣ್ಣಿನೊಳಗೆ ಇಳಿಸಿ. ಒಳಗೆ ನೆಲದಿಂದ ಮೇಲೆ, ಕೂರಲು ಬಿದಿರಿನ ಗಳು ಅಡ್ಡ ಇರಲಿ. ಒಂದೊಂದು ಕೋಳಿಗೆ ಎರಡು ಚದರ ಅಡಿ ಸಿಕ್ಕರೆ ರಾತ್ರಿಗೆ ಸಾಕು.

ಕೋಳಿಯೂ ಸುಮ್ಮನೆ ಕೊರಳು ಕೊಡುವ ಪ್ರಾಣಿಯಲ್ಲ. ಹುಂಜದ ಎಚ್ಚರಿಕೆಯ ಕೂಗು ಎರಡು ಬಗೆ. ಆಕಾಶದಲ್ಲಿ ಹದ್ದು ಕಂಡರೆ ಸಣ್ಣಗೆ, ಎಳೆದ ಒಂದು ದನಿ; ಎಲ್ಲವೂ ಪೊದೆಯೊಳಗೆ ನುಗ್ಗಿ ಅಲುಗದೆ ಕೂರುತ್ತವೆ. ನೆಲದ ಮೇಲೆ ನಾಯಿಯೋ ಮುಂಗುಸಿಯೋ ಬಂದರೆ ಕೊಕ್‌ಕೊಕ್‌ಕೊಕ್ ಎಂದು ಜೋರು ಗಲಾಟೆ. ಎಲ್ಲವೂ ಕತ್ತೆತ್ತಿ ನಿಂತು ಆ ಕಡೆ ನೋಡುತ್ತವೆ. ಅಪಾಯ ಮೇಲಿನದೋ ಕೆಳಗಿನದೋ ಎಂಬುದನ್ನು ದನಿಯಲ್ಲೇ ಹೇಳುವ ಈ ಜಾಣ್ಮೆಯನ್ನು ಪ್ರಾಣಿವರ್ತನೆಯ ವಿಜ್ಞಾನಿಗಳು ಪ್ರಯೋಗ ಮಾಡಿ ದೃಢಪಡಿಸಿದ್ದಾರೆ. ಹಿತ್ತಲಿಗೆ ಕೋಳಿ ಬಿಟ್ಟವರು ಸ್ವಲ್ಪ ದಿನದಲ್ಲೇ ಈ ಎರಡು ಕೂಗಿನ ವ್ಯತ್ಯಾಸ ಕಲಿಯುತ್ತಾರೆ, ಎರಡನೆಯದು ಕೇಳಿದರೆ ಒಲೆ ಮೇಲಿನ ಹಾಲನ್ನೂ ಬಿಟ್ಟು ಹೊರಗೆ ಓಡುತ್ತಾರೆ. ಮೊಟ್ಟೆಗೆ ಹುಂಜ ಬೇಕೇ ಎಂದು ಪಟ್ಟಣದವರು ಕೇಳುವುದುಂಟು. ಮೊಟ್ಟೆಗೆ ಬೇಡ, ಮರಿಗೆ ಬೇಕು. ಆದರೆ ಬಿಟ್ಟು ಸಾಕುವ ಕೋಳಿಗಳಿಗೆ ಕಾವಲಿಗೊಂದು ಹುಂಜ ಇದ್ದರೆ ಬಹಳ ಅನುಕೂಲ. ತೊಂದರೆ ಅದರ ಕೂಗಿನದು. ತನ್ನ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಗುತ್ತದೆಂದು ನಂಬಿದ ಅಜ್ಜಿಯ ಕತೆ ನಮಗೆಲ್ಲ ಗೊತ್ತು. ಬೆಳಕು ನೋಡಿ ಕೋಳಿ ಕೂಗುತ್ತದೆ ಎನ್ನುವುದೂ ಪೂರ್ತಿ ಸರಿಯಲ್ಲ. ಮೈಯೊಳಗಿನ ಗಡಿಯಾರವೇ ಅದನ್ನು ಜಾವಕ್ಕೆ ಮುಂಚೆ ಕೂಗಿಸುತ್ತದೆಂದು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿದರು. ಒತ್ತೊತ್ತಾಗಿ ಮನೆಗಳಿರುವ ಬಡಾವಣೆಯಲ್ಲಿ ಹುಂಜ ಬೇಡವೇ ಬೇಡ. ಪಕ್ಕದ ಮನೆಯಲ್ಲಿ ಕಾಯಿಲೆಯವರಿರುತ್ತಾರೆ, ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ.

ಯಾವ ಕೋಳಿ ತರಬೇಕು? ಬಿಟ್ಟು ಸಾಕುವುದಕ್ಕೆ ಹಳ್ಳಿಯ ನಾಟಿ ಕೋಳಿಯನ್ನು ಮೀರಿಸಿದ್ದಿಲ್ಲ. ಓಡುತ್ತದೆ, ಹಾರುತ್ತದೆ, ಕಾವಿಗೆ ಕೂರುತ್ತದೆ, ಮರಿಗೆ ಬದುಕುವುದನ್ನು ಕಲಿಸುತ್ತದೆ. ಒಂದು ಸರದಿಗೆ ಹತ್ತು ಹದಿನೈದು ಮೊಟ್ಟೆ ಇಟ್ಟು 21 ದಿನ ಕಾವಿಗೆ ಕೂತು, ಮರಿ ಮೇಯಿಸಿ, ಮತ್ತೆ ಇಡುವುದರಿಂದ ವರ್ಷಕ್ಕೆ ಸಿಗುವ ಮೊಟ್ಟೆ ಕಡಿಮೆಯೇ. ಹೆಚ್ಚು ಮೊಟ್ಟೆ ಬೇಕೆನ್ನುವವರಿಗಾಗಿಯೇ ಬೆಂಗಳೂರಿನ ಹೆಬ್ಬಾಳದಲ್ಲಿ ಗಿರಿರಾಜ, ಆಮೇಲೆ ಸ್ವರ್ಣಧಾರ ತಳಿಗಳು ಹುಟ್ಟಿದವು. ಹಿತ್ತಲಿನಲ್ಲಿ ಮೇಯಲೆಂದೇ ರೂಪಿಸಿದ ಬಣ್ಣದ ಕೋಳಿಗಳಿವು. ಗಿರಿರಾಜದ ಮೈ ಭಾರ, ನಾಯಿ ಬಂದರೆ ನಾಟಿಯಷ್ಟು ಚುರುಕಾಗಿ ತಪ್ಪಿಸಿಕೊಳ್ಳಲಾರದು. ಬೇಲಿ ಗಟ್ಟಿಯಿರುವ ಮನೆಗೆ ಅದು ಸರಿ. ಸಂತೆಯಲ್ಲಿ ಗುಲಾಬಿ, ಹಸಿರು, ನೇರಳೆ ಬಣ್ಣ ಬಳಿದು ಮಾರುವ ಮರಿಗಳನ್ನು ಮಾತ್ರ ದಯವಿಟ್ಟು ಕೊಳ್ಳಬೇಡಿ. ಅವು ಸಾಮಾನ್ಯವಾಗಿ ಮೊಟ್ಟೆಕೋಳಿ ಉದ್ಯಮಕ್ಕೆ ಬೇಡವಾದ ಗಂಡು ಮರಿಗಳು. ತಾಯಿಯ ಕಾವಿಲ್ಲದೆ, ಬಿಸಿಲಲ್ಲಿ, ರಟ್ಟಿನ ಪೆಟ್ಟಿಗೆಯಲ್ಲಿ ಬಂದವು ಮಗುವಿನ ಕೈಯಲ್ಲಿ ಬಹಳ ದಿನ ಬದುಕುವುದಿಲ್ಲ.

ಮೊಟ್ಟೆಯ ಬಗೆಗೂ ಒಂದು ಮಾತು. ಚಿಪ್ಪು ಕಂದಾದರೆ ಶ್ರೇಷ್ಠ, ಬಿಳಿಯಾದರೆ ಕಳಪೆ ಎಂಬುದು ಸರಿಯಲ್ಲ, ಚಿಪ್ಪಿನ ಬಣ್ಣ ತಳಿಯದ್ದು. ಹಳದಿಯ ಬಣ್ಣ ಮಾತ್ರ ಮೇವಿನದ್ದು. ಹಸಿರು ಸೊಪ್ಪು ತಿಂದ ಕೋಳಿಯ ಮೊಟ್ಟೆ ಒಡೆದರೆ ಒಳಗೆ ಕಿತ್ತಳೆಗೆ ತಿರುಗಿದ ಹಳದಿ ಕಾಣುತ್ತದೆ. ಹಿತ್ತಲಿನ ಮೇವೊಂದೇ ಸಾಲುವುದೂ ಇಲ್ಲ. ಸಂಜೆ ಒಂದು ಹಿಡಿ ಧಾನ್ಯ, ಚಿಪ್ಪು ಗಟ್ಟಿಯಾಗಲು ಪುಡಿ ಮಾಡಿದ ಕಪ್ಪೆಚಿಪ್ಪು ಅಥವಾ ಬೇಯಿಸಿ ಒಣಗಿಸಿದ ಮೊಟ್ಟೆಚಿಪ್ಪು, ಹಗಲಿಡೀ ನೆರಳಲ್ಲಿ ಶುದ್ಧ ನೀರು ಬೇಕೇ ಬೇಕು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಹಳಸಿದ ಅನ್ನ ಕೋಳಿಗೆ ತಾನೇ ಎಂದು ಹಾಕಬೇಡಿ. ಬೂಷ್ಟಿನ ವಿಷ ಅದರ ಯಕೃತ್ತನ್ನು ಕೆಡಿಸುತ್ತದೆ.

ಇಷ್ಟೆಲ್ಲ ಮಾಡಿಯೂ ಒಂದು ವಾರದಲ್ಲಿ ಇಡೀ ಹಿತ್ತಲು ಖಾಲಿಯಾಗಬಹುದು. ಕೊಕ್ಕರೆ ರೋಗ ಬಂದರೆ ಹಾಗೆಯೇ. ವೈದ್ಯರು ರಾಣಿಖೇತ್ ಎಂದು ಕರೆಯುವ ಈ ವೈರಸ್ ಕಾಯಿಲೆಯಲ್ಲಿ ಕೋಳಿ ತೂಕಡಿಸುತ್ತದೆ, ಹಸಿರಾಗಿ ಭೇದಿ ಮಾಡುತ್ತದೆ, ಬಾಯಿ ತೆರೆದು ಉಸಿರಾಡುತ್ತದೆ, ಕತ್ತು ತಿರುಚುತ್ತದೆ. ಬಂದ ಮೇಲೆ ಇದಕ್ಕೆ ಮದ್ದಿಲ್ಲ. ಬಿಟ್ಟು ಸಾಕಿದ ಕೋಳಿ ಬೀದಿಯ ಎಲ್ಲ ಕೋಳಿಗಳ ಜೊತೆ ಬೆರೆಯುವುದರಿಂದ ಒಂದು ಮನೆಗೆ ಬಂದದ್ದು ಎಲ್ಲರ ಮನೆಗೂ ಬರುತ್ತದೆ. ತಡೆಯುವ ಲಸಿಕೆ ಮಾತ್ರ ಇದೆ. ಮರಿಗೆ ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಒಂದು ಹನಿ, ಎರಡು ತಿಂಗಳ ಹೊತ್ತಿಗೆ ರೆಕ್ಕೆಯ ಬಳಿ ಚುಚ್ಚುವ ಆರ್‌ಟುಬಿ ಲಸಿಕೆ. ಸೊಳ್ಳೆಯಿಂದ ಹರಡುವ ಸಿಡುಬಿಗೂ ಲಸಿಕೆ ಇದೆ. ಹಕ್ಕಿಜ್ವರದ ಸುದ್ದಿ ಬಂದ ದಿನಗಳಲ್ಲಿ ಕೋಳಿಯನ್ನು ಹೊರಗೆ ಬಿಡಬೇಡಿ, ಕಾರಣವಿಲ್ಲದೆ ಹಲವು ಕೋಳಿ ಒಟ್ಟಿಗೆ ಸತ್ತರೆ ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ. 2012ರಲ್ಲಿ ಬೆಂಗಳೂರಿನ ಪಕ್ಕದ ಹೆಸರಘಟ್ಟಕ್ಕೇ ಆ ಜ್ವರ ಬಂದಿತ್ತು.

ನಾಲ್ಕು ಕೋಳಿಗೆ ಲಸಿಕೆ ಹಾಕಿಸಲು ಹೋದವರು ಬರಿಗೈಯಲ್ಲಿ ಬರುವುದುಂಟು. ಲಸಿಕೆಯ ಸೀಸೆಯಲ್ಲಿ ನೂರು, ಇನ್ನೂರು ಕೋಳಿಗಾಗುವಷ್ಟು ಮದ್ದಿರುತ್ತದೆ. ಒಮ್ಮೆ ಕಲಸಿದರೆ ಮಂಜುಗಡ್ಡೆಯಲ್ಲಿಟ್ಟು ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಆದ್ದರಿಂದ ಒಬ್ಬೊಬ್ಬರೇ ಹೋಗಬೇಡಿ. ಮೆಂತ್ಯದ ಮಡಿಗಾಗಿ ಜಗಳವಾಡಿದ ಪಕ್ಕದ ಮನೆಯವರನ್ನೂ ಸೇರಿಸಿಕೊಂಡು, ಬೀದಿಯಲ್ಲಿ ಕೋಳಿ ಇರುವ ಮನೆಗಳನ್ನೆಲ್ಲ ಎಣಿಸಿ, ತಾಲ್ಲೂಕು ಪಶು ಆಸ್ಪತ್ರೆಯವರೊಂದಿಗೆ ಮಾತಾಡಿ ಒಂದು ದಿನ ಗೊತ್ತು ಮಾಡಿ. ಹಿಂದಿನ ಸಂಜೆಯೇ ಎಲ್ಲರೂ ತಮ್ಮ ಕೋಳಿಗಳನ್ನು ಮಂಕರಿಯಲ್ಲಿ ಕವುಚಿಟ್ಟರೆ, ಬೆಳಿಗ್ಗೆ ಒಂದೇ ಸೀಸೆಯಲ್ಲಿ ಇಡೀ ಬೀದಿಯ ಕೆಲಸ ಮುಗಿಯುತ್ತದೆ.